ನಾಲ್ಕು ಮಾರು ಅಳಿಯ

ಸಮುದ್ರದ ತಳದಲ್ಲಿ ಮುಳುಗಿ ಕೂತ ಹಡಗಿನ ಮೇಲೆ ಗಾಳ ಬಿಡುವವರಿಗೆ ಎರಡು ಥರದ ದಾರ ಬೇಕಾಗುತ್ತದೆ. ಒಂದು, ಏನೇ ಆದರೂ ಹರಿಯಬಾರದ್ದು. ಇನ್ನೊಂದು, ಹರಿಯಲೆಂದೇ ಕಟ್ಟುವುದು. ಆ ಹಡಗಿನ ತುಕ್ಕು ಹಿಡಿದ ಕೋಣೆಗಳಲ್ಲಿ ಮೀನುಗಳು ಬಾಡಿಗೆಯ ಗೊಡವೆಯಿಲ್ಲದೆ ಸಂಸಾರ ಹೂಡಿರುತ್ತವೆ. ಅವುಗಳ ಬಾಗಿಲಿಗೆ ಗಾಳ ಇಳಿಸಬೇಕಾದರೆ ಸೀಸದ ಗುಂಡು ಕಟ್ಟಬೇಕು. ಆ ಗುಂಡು ಎಲ್ಲರಿಗಿಂತ ಮೊದಲು ಹೋಗಿ ಯಾವುದಾದರೂ ಕಬ್ಬಿಣದ ಸಂದಿಯಲ್ಲಿ ಸಿಕ್ಕಿಕೊಳ್ಳುವುದು ಗ್ಯಾರಂಟಿ. ಗುಂಡನ್ನೂ ಗಟ್ಟಿ ದಾರಕ್ಕೇ ಕಟ್ಟಿದ್ದರೆ ಗುಂಡು, ಗಾಳ, ಗಾಳಕ್ಕೆ ಬಿದ್ದ ಮೀನು, ಮೂರಕ್ಕೂ ಎಳ್ಳುನೀರು ಬಿಡಬೇಕಾಗುತ್ತದೆ. ಅದಕ್ಕೇ ಗುಂಡನ್ನು ಮಾತ್ರ ಒಂದು ತೆಳು ದಾರದ ತುಂಡಿಗೆ ಕಟ್ಟುತ್ತಾರೆ. ಸಿಕ್ಕಿಕೊಂಡಾಗ ಜಗ್ಗಿದರೆ ಆ ತುಂಡು ಪಟ್ಟನೆ ಹರಿಯುತ್ತದೆ. ಗುಂಡು ಅಲ್ಲೇ ಉಳಿಯುತ್ತದೆ, ಮಿಕ್ಕಿದ್ದೆಲ್ಲ ಮೇಲೆ ಬರುತ್ತದೆ.

ಈ ತೆಳು ತುಂಡಿಗೆ ಅಲ್ಲಿನ ಗಾಳದವರೆಲ್ಲ ‘ಅಳಿಯ’ ಎನ್ನುತ್ತಿದ್ದರು. ಹೆಸರಿಟ್ಟವರು ಮಾವ.

ಮಾವ ಎಂದರೆ ಡ್ರೈವಿಂಗ್ ಸ್ಕೂಲಿನ ಮಾವ. ಜೀವಮಾನವೆಲ್ಲ ಜನರಿಗೆ ಕಾರು ಕಲಿಸಿ, ತಮ್ಮ ಸೀಟಿನ ಮುಂದೆಯೂ ಒಂದು ಬ್ರೇಕು ಹಾಕಿಸಿಕೊಂಡು, ಭೂಮಿಯ ಮೇಲೆ ಒಬ್ಬರನ್ನೂ ನಂಬದೆ ನಿವೃತ್ತರಾದವರು. ಈಗಲೂ ಎದುರಿನವರ ಮಾತು ಹಿಡಿಸದಿದ್ದರೆ ಅವರ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು. ಮಗಳ ಮದುವೆಯಾದ ವರ್ಷ ಬೋಟಿನ ಮೇಲೆ ಯಾರೋ ಹೊಸಬ ಆ ತೆಳು ದಾರಕ್ಕೆ ಏನನ್ನುತ್ತಾರೆ ಎಂದು ಕೇಳಿದನಂತೆ. "ಹೋದ್ರೆ ಹೋಗ್ಲಿ ಅನ್ಬಹುದಾದ್ದು ಮನೇಲಿ ಇನ್ನೇನಿರತ್ತೆ? ಅಳಿಯ!" ಎಂದರಂತೆ ಮಾವ. ಬೋಟಿಗೆ ಬೋಟೇ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ತಳದ ಹಡಗಿಗೆ ‘ಮಾವನ ಮನೆ’ ಎಂದು ಹೆಸರಾಯಿತು. ತುಂಡು ಹರಿದು ಗುಂಡು ಕೆಳಗೇ ಉಳಿದರೆ, "ಮನೆ ಅಳಿಯ ಆದ ಬಿಡಿ" ಎನ್ನುವುದು ರೂಢಿಯಾಯಿತು.

ನಿಜವಾದ ಅಳಿಯ ಮಾವನ ಮನೆಯ ಮಹಡಿಯಲ್ಲೇ ಹೆಂಡತಿಯ ಜೊತೆ ವಾಸವಾಗಿದ್ದ. ಹಾಗಾಗಿ ಈ ತಮಾಷೆ ಅವನಿಗೆ ಎರಡೆರಡು ಕಡೆ ಚುಚ್ಚುತ್ತಿತ್ತು. ಅವನ ಕೆಲಸ ಲಿಫ್ಟ್ ರಿಪೇರಿ. ಆಫೀಸು, ಆಸ್ಪತ್ರೆ, ಅಪಾರ್ಟ್‌ಮೆಂಟು, ಎಲ್ಲಿ ಲಿಫ್ಟ್ ಕೆಟ್ಟರೂ ಜನ "ಲಿಫ್ಟಿನವನನ್ನ ಕರೀರಿ" ಎನ್ನುವರು. ಹರಿಯಬಹುದಾದ ಹಗ್ಗ ಎನ್ನುವುದು ಅವನ ವೃತ್ತಿಯಲ್ಲಿ ಬೈಗುಳ. ಹರಿಯಲೆಂದೇ ಕಟ್ಟುವ ದಾರಕ್ಕೆ ತನ್ನ ಹೆಸರು ಎಂದರೆ ಅವನಿಗೆ ಹೇಗಾಗಿರಬೇಡ! ಆದರೆ ಮಾವನಿಗೆ ಎದುರು ಹೇಳುವುದು ಹೇಗೆ? ಅವರು ಅವನನ್ನು ಒಂದು ದಿನವೂ ಏಕವಚನದಲ್ಲಿ ಮಾತಾಡಿಸಿದವರಲ್ಲ. "ಅಳಿಯಂದ್ರೇ, ತಾವು ದಯಮಾಡಿ ಆ ನಲ್ಲಿ ಮುಟ್ಬೇಡಿ, ಪ್ಲಂಬರ್ ಬದುಕ್ಕೊಳ್ಲಿ" ಎನ್ನುವರು. ಅಷ್ಟು ಮರ್ಯಾದೆ ಕೊಟ್ಟು ಅಷ್ಟು ಮರ್ಯಾದೆ ತೆಗೆಯುವ ಕಲೆ ಎಲ್ಲರಿಗೂ ಒಲಿಯುವುದಿಲ್ಲ.

ಹೀಗಿರುವಾಗ ಬೋಟಿನವನ ಫೋನು ಬಂತು. ಅವನು ಮಾವನ ಹಳೆಯ ಶಿಷ್ಯ. ಕಾರಿನ ಪರೀಕ್ಷೆಯಲ್ಲಿ ಮೂರು ಸಲ ಡುಮ್ಕಿ ಹೊಡೆದು, ರಸ್ತೆಯ ಆಸೆ ಬಿಟ್ಟು ನೀರಿಗಿಳಿದವನು. ವರ್ಷಕ್ಕೊಮ್ಮೆ ಹತ್ತು ಜನರನ್ನು ಹತ್ತಿಸಿಕೊಂಡು ನಾಲ್ಕು ದಿನ ಆ ಮುಳುಗಿದ ಹಡಗಿನ ಮೇಲೆ ನಿಲ್ಲುವುದು ಅವನ ದೊಡ್ಡ ಟ್ರಿಪ್ಪು. ಫೋನೆತ್ತಿದ್ದು ಮಗಳು. ಅವಳು ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ವರದಿ ಒಪ್ಪಿಸಿದಳು.

"ರೀ, ನೀವೂ ಅಪ್ಪನ ಜೊತೆ ಹೋಗ್ಬೇಕಂತೆ."

"ಎಲ್ಲಿಗೆ?"

"ಸಮುದ್ರಕ್ಕೆ. ಬೋಟಿನೋರು ಹೇಳಿದ್ರು. ಈ ಸಲ ಅಳಿಯ ಇಲ್ದೆ ಯಾರನ್ನೂ ಬೋಟ್ ಹತ್ತಿಸಲ್ವಂತೆ. ಕಡ್ಡಾಯ ಅಂತೆ."

"ಮದುವೆಯಾಗದ ಹೆಣ್ಣುಮಕ್ಕಳಿರೋರು ಏನ್ಮಾಡ್ತಾರಂತೆ?"

"ಅದೆಲ್ಲ ನಂಗೊತ್ತಿಲ್ಲ. ವಯಸ್ಸಾದೋರ ಜೊತೆ ಒಬ್ರು ಇರ್ಲಿ ಅಂತ ಇರ್ಬೇಕು. ಅಪ್ಪಂಗೆ ಭುಜದ ಆಪರೇಷನ್ ಆಗಿ ಇನ್ನೂ ಆರು ತಿಂಗಳಾಗಿಲ್ಲ. ನೀವು ರಜೆ ಹಾಕಿ."

ಮಾವ ಅಲ್ಲೇ ಕೂತಿದ್ದರು. ಮಜ್ಜಿಗೆ ಸುರಿದುಕೊಂಡರು, ಅಷ್ಟೇ. ಲಿಫ್ಟಿನವನು ಉಯ್ಯಾಲೆಯ ಮೇಲೆ ಕೂತರೂ ವಾಂತಿ ಮಾಡುವ ಜಾತಿಯವನು. ನಾಲ್ಕು ದಿನ ಅಲೆಯ ಮೇಲೆ, ಮಾವನ ಜೊತೆ! ಆದರೂ ಹೆಂಡತಿಯ ಮಾತು ತೆಗೆದುಹಾಕುವ ಧೈರ್ಯ ಅವನಿಗೆ ಇರಲಿಲ್ಲ. ಅವನು ರಜೆ ಹಾಕಿದ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಮಾವ ಅಳಿಯ ಇಬ್ಬರೂ ಗಾಳದ ಅಂಗಡಿಗೆ ಹೋದರು. ಅಂಗಡಿ ಎಂದರೆ ಬೋಟುಗಳು ನಿಲ್ಲುವ ಧಕ್ಕೆಯ ಅಂಚಿಗೆ ಬೆನ್ನು ಕೊಟ್ಟು ನಿಂತ ಒಂದು ಉದ್ದನೆಯ ಕೋಣೆ. ಮುಂದಿನ ಬಾಗಿಲು ರಸ್ತೆಗೆ, ಹಿಂದಿನ ಬಾಗಿಲು ನೇರ ನೀರಿಗೆ. ಒಂದು ಗೋಡೆಯ ತುಂಬ ಗಾಳದ ಕೋಲುಗಳು, ಇನ್ನೊಂದು ಗೋಡೆಯ ತುಂಬ ದಾರದ ಉರುಳೆಗಳು. ಗಾಜಿನ ಬರಣಿಗಳಲ್ಲಿ ಮಿಠಾಯಿಯ ಹಾಗೆ ಬಣ್ಣಬಣ್ಣದ ರಬ್ಬರ್ ಹುಳುಗಳು. ಇಡೀ ಅಂಗಡಿ ಹೊಸ ಚಪ್ಪಲಿಯ ವಾಸನೆ ಹೊಡೆಯುತ್ತಿತ್ತು. ನಡುವೆ ಅಂಗಡಿ ಅಕ್ಕ. ಗಂಡ ಸತ್ತ ಮೇಲೆ ಅಂಗಡಿ ಅವಳದಾಗಿತ್ತು, ಗಂಡ ಇದ್ದಾಗಲೂ ಅವಳದೇ ಆಗಿತ್ತು.

"ಬನ್ನಿ ಬನ್ನಿ. ಏನು, ಈ ಸಲ ಸವಾರಿ ಜೋಡಿ?" ಎಂದಳು ಅಕ್ಕ.

"ಏನ್ಮಾಡ್ಲಮ್ಮ, ಮಗಳು ಕಟ್ಟಿ ಕಳಿಸಿದ್ದಾಳೆ" ಎಂದು ಮಾವ ಕೈಗೋಲಿನಿಂದ ಅಳಿಯನನ್ನು ತೋರಿಸಿದರು. "ಮೊದಲು ಅಳಿಯ ಕೊಡು. ನಾಲ್ಕು ಮಾರು. ತೆಳ್ಳಗಿರ್ಲಿ, ಬುದ್ಧಿಯಿಲ್ದಿದ್ರೂ ನಡೆಯತ್ತೆ."

ಅಕ್ಕ ನಗುತ್ತ ಎರಡೂ ಕೈ ಚಾಚಿ ತೆಳು ದಾರವನ್ನು ಮಾರು ಹಾಕಿದಳು. ಹಿಂದಿನ ಬಾಗಿಲ ಹತ್ತಿರ ಐಸ್ ಪೆಟ್ಟಿಗೆಯ ಮೇಲೆ ಕೂತು ಬಿಸ್ಕತ್ತು ಮುಕ್ಕುತ್ತಿದ್ದ ಬೇಕರಿಯವನೂ ನಕ್ಕ. ಅವನು ಮಾವನ ಹಳೇ ದೋಸ್ತಿ. ಮಾವ ಕೆಮ್ಮಿದರೂ ಜೋಕೆಂದು ತಿಳಿದು ನಗುವವನು. ಲಿಫ್ಟಿನವನ ಮುಖ ಹುಳ್ಳಗಾಯಿತು.

ನಗು ಕೇಳಿ ಹಿಂದಿನ ಮೆಟ್ಟಿಲಿನಿಂದ ಬೋಟಿನವನು ತಲೆ ಹಾಕಿದ. "ನಮಸ್ಕಾರ ಮೇಷ್ಟ್ರೇ. ಸಾಮಾನು ತಗೊಂಡು ಹಿಂದೆ ಬನ್ನಿ. ಟೆಸ್ಟ್ ಇದೆ." ಲಿಫ್ಟಿನವನನ್ನು ನೋಡಿ ಹುಬ್ಬು ಗಂಟಿಕ್ಕಿದ. "ಇವ್ರ್ಯಾಕೆ ಬಂದ್ರು?"

"ನೀವೇ ಹೇಳಿದ್ರಂತಲ್ಲ" ಎಂದ ಲಿಫ್ಟಿನವನು. "ಅಳಿಯ ಇಲ್ದೆ ಹತ್ತಿಸಲ್ಲ ಅಂತ."

ಬೇಕರಿಯವನ ಬಾಯಿಂದ ಬಿಸ್ಕತ್ತಿನ ಪುಡಿ ಧಾರಾಕಾರವಾಗಿ ಹಾರಿತು. ಅಕ್ಕ ಕೈಯಲ್ಲಿದ್ದ ದಾರ ಬಿಟ್ಟು ಕೌಂಟರ್ ಹಿಡಿದುಕೊಂಡಳು. ಬೋಟಿನವನು ನಗುವವನಲ್ಲ, ಆದರೂ ಅವನ ಮೀಸೆ ಕುಣಿಯಿತು.

"ಅಯ್ಯೋ ಸ್ವಾಮಿ, ದಾರ! ನಾನು ಹೇಳಿದ್ದು ದಾರ! ಹೋದ ವರ್ಷ ಒಬ್ಬ ಪುಣ್ಯಾತ್ಮ ಗುಂಡಿಗೆ ಗಟ್ಟಿ ದಾರ ಕಟ್ಕೊಂಡು ಬಂದು, ಐದು ಜನರ ದಾರ ಗೋಜಲಾಗಿ, ಅರ್ಧ ದಿನ ಹಾಳಾಯ್ತು. ಅದಕ್ಕೇ ಎಲ್ರ ಹತ್ರಾನೂ ಅಳಿಯ ಇರ್ಲೇಬೇಕು ಅಂದೆ. ಮನುಷ್ಯರನ್ನ ಕಟ್ಕೊಂಡು ನಾನೇನ್ ಮಾಡ್ಲಿ?"

ಲಿಫ್ಟಿನವನು ಪೆಚ್ಚಾದ. ವರ್ಷಗಟ್ಟಲೆ ಚುಚ್ಚಿದ ಆ ದಾರ, ಹೆಂಡತಿ ಹೇಳಿದ ಕೂಡಲೇ ತನಗೇಕೆ ಹೊಳೆಯಲಿಲ್ಲ? ಕಿವಿಯ ತನಕ ಕೆಂಪಾದ. ಆದರೆ ಪೆಚ್ಚಾದ ಮನುಷ್ಯನ ಒಳಗೆ ಇನ್ನೊಬ್ಬ ಮನುಷ್ಯ ಟೊಪ್ಪಿ ಎಸೆದು ಕುಣಿಯುತ್ತಿದ್ದ. ಹೋಗಬೇಕಾಗಿಲ್ಲ! ನಾಲ್ಕು ದಿನ ರಜೆ, ಗಟ್ಟಿ ನೆಲ, ಅಲುಗಾಡದ ಹಾಸಿಗೆ, ಮಾವ ಇಲ್ಲದ ಮನೆ, ಹೆಂಡತಿ ಇರುವ ಮನೆ! ಇಷ್ಟು ಸುಖ ಒಟ್ಟಿಗೆ ಅವನ ಪಾಲಿಗೆ ಎಂದೂ ಬಂದಿರಲಿಲ್ಲ. ಅವನು ಮಾವನ ಕಡೆ ತಿರುಗಿದ. "ಮಾವ, ದಾರ ಅಂತೆ."

ಮಾವ ಒಂದು ಗಾಳವನ್ನು ಕಣ್ಣಿನ ಹತ್ತಿರ ಹಿಡಿದು ಅದರ ಮೊನೆ ನೋಡುತ್ತಿದ್ದರು. "ಕೇಳಿಸ್ತು ಅಳಿಯಂದ್ರೇ, ನಾನಿನ್ನೂ ಕಿವುಡಾಗಿಲ್ಲ. ಬಂದಿದ್ದೀರಲ್ಲ, ಸಾಮಾನು ಹೊತ್ಕೊಳ್ಳಿ. ಆಮೇಲೆ ಮನೆಗೆ ಹೋಗಿ ಮಲಗಿ."

ಹೀಗೆ ಆಯ್ಕೆ ಶುರುವಾಯಿತು. ಲಿಫ್ಟಿನವನು ಬುಟ್ಟಿ ಹಿಡಿದು ಹಿಂದೆ ಹಿಂದೆ ನಡೆದ. ಇಲ್ಲಿಯವರೆಗೆ ಅವನು ಮಾವನ ಸಾಮಾನನ್ನು ಮನೆಯ ಮೊಳೆಗಳ ಮೇಲೆ ಮಾತ್ರ ನೋಡಿದ್ದ. ಮೊಣಕೈ ದಪ್ಪದ ಕೋಲು, ಮುಷ್ಟಿ ಗಾತ್ರದ ಗುಂಡು. "ತಳದಲ್ಲಿರೋ ಹಾವುಮೀನು ನಿಮ್ಮಪ್ಪನ ಮನೆ ಆಳಲ್ಲ, ಕರೆದ ತಕ್ಷಣ ಬರೋಕೆ. ದಪ್ಪ ಸಾಮಾನಿಟ್ಟು ಕುತ್ತಿಗೆ ಹಿಡಿದು ಎಳೀಬೇಕು" ಎನ್ನುವುದು ಮಾವನ ಸಿದ್ಧಾಂತ. ಇವತ್ತು ನೋಡಿದರೆ ಮಾವ ದಪ್ಪ ಕೋಲುಗಳ ಮುಂದೆ ನಿಲ್ಲಲೇ ಇಲ್ಲ.

"ಅದಲ್ಲಮ್ಮ, ಆ ಪಕ್ಕದ್ದು ಕೊಡು" ಎಂದರು.

"ಅದು ದಡದಲ್ಲಿ ನಿಂತು ಹಿಡಿಯೋರದ್ದು ಮೇಷ್ಟ್ರೇ. ಅಲ್ಲಿಗೆ ತಡೆಯಲ್ಲ."

"ತಡೆಯತ್ತೆ. ಈಗಿನ ಸಾಮಾನೆಲ್ಲ ಹಗುರ ಇದ್ರೂ ಗಟ್ಟಿ." ಕೋಲನ್ನು ಎಡಗೈಯಲ್ಲಿ ತೂಗಿ ನೋಡಿದರು. "ಇದಕ್ಕಿಂತ ಒಂದು ಚೂರು ಹಗುರ ಇದೆಯಾ?"

ಗುಂಡಿನ ಡಬ್ಬಿಯ ಹತ್ತಿರವೂ ಅದೇ ಕತೆ. ದೊಡ್ಡ ಗುಂಡೊಂದನ್ನು ಬಲಗೈಯಲ್ಲಿ ಎತ್ತಿದರು. ಕೈ ಎದೆಯ ತನಕ ಬಂತು, ಅಲ್ಲಿಂದ ಮೇಲೆ ಹೋಗಲಿಲ್ಲ. ಗುಂಡನ್ನು ಪರೀಕ್ಷೆ ಮಾಡುವವರ ಹಾಗೆ ಅಲ್ಲೇ ತಿರುಗಿಸಿ ತಿರುಗಿಸಿ ನೋಡಿ ಕೆಳಗಿಟ್ಟರು. "ಇದು ಆಕಾರ ಸರಿಯಿಲ್ಲ" ಎಂದು ಅದರ ಅರ್ಧ ತೂಕದ್ದನ್ನು ಆರಿಸಿದರು. ದಾರ ಆರಿಸುವಾಗ ಮೇಲಿನ ಸಾಲಿನ ಉರುಳೆಗಳ ಕಡೆ ಕಣ್ಣೆತ್ತಿ ನೋಡಿ, ಕೆಳಗಿನ ಸಾಲಿನಲ್ಲಿ ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡರು. ಲಿಫ್ಟಿನವನಿಗೆ ಮೊದಲು ಆಶ್ಚರ್ಯ, ಆಮೇಲೆ ಅನುಮಾನವಾಯಿತು. ತಿಂಗಳುಗಳಿಂದ ಮಾವ ಎಡಗೈಯಲ್ಲಿ ತಲೆ ಬಾಚುತ್ತಿದ್ದುದು ಅವನಿಗೆ ಕಂಡಿತ್ತು. ಭುಜ ಸರಿಹೋಯಿತೆಂದು ಮಾವ ಹೇಳಿದ್ದನ್ನು ನಂಬಿ, ಅದು ಮುದುಕರ ಹೊಸ ಶೋಕಿ ಎಂದುಕೊಂಡಿದ್ದ! ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

"ಏನದು ಟೆಸ್ಟು?" ಎಂದು ಅವನು ಬೇಕರಿಯವನನ್ನು ಮೆಲ್ಲಗೆ ಕೇಳಿದ.

"ಬಕೆಟ್ ಟೆಸ್ಟು. ಹೊಸ ರೂಲ್ಸು" ಎಂದ ಬೇಕರಿಯವನು. "ಮರಳು ತುಂಬಿದ ಬಕೆಟ್ಟನ್ನ ಗುಂಡಿನ ಜಾಗದಲ್ಲಿ ಕಟ್ಟಿ ಧಕ್ಕೆಯಿಂದ ಕೆಳಗೆ ಬಿಡ್ಬೇಕು, ನಿಧಾನಕ್ಕೆ ಮೇಲೆ ಎಳ್ಕೋಬೇಕು. ಅವರವರ ಸಾಮಾನು, ಅವರವರ ಕೈ. ಹೋದ ವರ್ಷ ನಮ್ಮಲ್ಲಿ ಅರ್ಧ ಜನರ ದಾರ ಬೋಟಿನವನೇ ಎಳೆದು ಎಳೆದು ಅವನ ಸೊಂಟ ಹೋಯ್ತು. ಎಳೆಯೋಕಾಗ್ದೋರು ಮನೇಲಿರಿ ಅಂದುಬಿಟ್ಟ."

"ನೀವು ಪಾಸಾ?"

"ಪಾಸು" ಎಂದು ಬೇಕರಿಯವನು ಎದೆಯುಬ್ಬಿಸಿದ. ಅವನ ಅಂಗಿ ಇನ್ನೂ ಬೆವರಿನಿಂದ ಮೈಗೆ ಅಂಟಿತ್ತು. "ಕಣ್ಣಿಗೆ ಕತ್ತಲೆ ಬಂದಿತ್ತು, ಯಾರಿಗೂ ಹೇಳ್ಬೇಡ."

ಮಾವನಿಗೆ ಈ ಟ್ರಿಪ್ಪು ಎಂದರೆ ಏನೆಂದು ಲಿಫ್ಟಿನವನಿಗೆ ಚೆನ್ನಾಗಿ ಗೊತ್ತಿತ್ತು. ಅತ್ತೆ ತೀರಿಕೊಂಡ ವರ್ಷವೂ ಮಾವ ಇದನ್ನು ತಪ್ಪಿಸಿರಲಿಲ್ಲ. ವರ್ಷದ ಮಿಕ್ಕ ದಿನಗಳನ್ನು ಅವರು ಈ ನಾಲ್ಕು ದಿನಕ್ಕಾಗಿ ಹೇಗೋ ತಳ್ಳುತ್ತಿದ್ದರು. ಇದೂ ಹೋದರೆ ಕೆಳಗಿನ ಮನೆಯ ಆ ಕುರ್ಚಿ, ಆ ಕಿಟಕಿ, ರಸ್ತೆಯಲ್ಲಿ ಹೋಗುವ ಡ್ರೈವರುಗಳಿಗೆಲ್ಲ ಬೈಯುವುದು, ಅಷ್ಟೇ ಉಳಿಯುವುದು.

ಗಾಜಿನ ಕಪಾಟಿನಲ್ಲಿ ಕರೆಂಟಿನ ರೀಲು ಕೂತಿತ್ತು. ಲಿಫ್ಟಿನವನ ಕಣ್ಣು ಮೊದಲಿನಿಂದಲೂ ಅದರ ಮೇಲೇ ಇತ್ತು. ಒಂದು ಪುಟ್ಟ ಮೋಟಾರು, ಒಂದು ಬ್ಯಾಟರಿ, ಗುಂಡಿ ಒತ್ತಿದರೆ ದಾರ ಸರಸರನೆ ಸುತ್ತಿಕೊಳ್ಳುತ್ತದೆ. ಎಷ್ಟು ಆಳದಿಂದ ಬರುತ್ತಿದೆ ಎಂದು ಅಂಕಿ ತೋರಿಸುತ್ತದೆ. ಅದು ಮೀನಿಗೆ ಮಾಡಿದ ಲಿಫ್ಟೇ ಅಲ್ಲವೇ? ಅವನು ಗಂಟಲು ಸರಿಮಾಡಿಕೊಂಡ. "ಮಾವ, ಇದು..."

ಮಾವನ ಬಲಗಾಲು ನೆಲವನ್ನು ಒತ್ತಿತು. "ಆ ಪಂಪ್‌ಸೆಟ್ಟಾ? ಅಳಿಯಂದ್ರೇ, ಅದು ಮೀನು ಹಿಡಿಯೋದಲ್ಲ, ಬಾವಿ ಬತ್ತಿಸೋದು. ಅದನ್ನ ಹಿಡ್ಕೊಂಡು ಬರೋನು ಬಳೆ ಹಾಕ್ಕೊಂಡು ಬರ್ಲಿ."

"ಬಳೆ ಹಾಕ್ಕೊಂಡೋಳೇ ಅಂಗಡಿ ನಡೆಸ್ತಿದ್ದೀನಿ, ನೋಡ್ಕೊಂಡು ಮಾತಾಡಿ" ಎಂದಳು ಅಕ್ಕ.

"ತಪ್ಪಾಯ್ತಮ್ಮ" ಎಂದು ಮಾವ ಕೂಡಲೇ ಕೈ ಮುಗಿದರು. ಎಡಗೈ ಮುಖದ ತನಕ ಬಂತು, ಬಲಗೈ ಎದೆಯಲ್ಲೇ ನಿಂತಿತು, ಎಡಗೈ ಇಳಿದು ಅದನ್ನು ಕೂಡಿಕೊಂಡಿತು.

ಹಿಂದಿನ ಮೆಟ್ಟಿಲಿನ ಮೇಲೆ ಟೆಸ್ಟು ನಡೆಯಿತು. ನೀರಿಳಿದಿದ್ದರಿಂದ ಧಕ್ಕೆಯ ಗೋಡೆ ಇನ್ನಷ್ಟು ಎತ್ತರವಾಗಿ ಕಾಣುತ್ತಿತ್ತು. ಮಾವ ಹೊಸ ಹಗುರ ಕೋಲಿಗೆ ಮನೆಯಿಂದ ತಂದಿದ್ದ ತಮ್ಮ ಹಳೇ ಕೈರೀಲನ್ನು ಕೂರಿಸಿದರು. ದಾರದ ತುದಿಗೆ ಅಳಿಯ, ಅಳಿಯನ ತುದಿಗೆ ಬಕೆಟ್ಟು. ಬೋಟಿನವನು ಗಂಟು ಎಳೆದು ನೋಡಿ ತಲೆಯಾಡಿಸಿದ. ಬಕೆಟ್ಟು ಕೆಳಗೆ ಹೋಯಿತು. ಇಳಿಯುವುದಕ್ಕೆ ಯಾರ ಭುಜವೂ ಬೇಡ.

ಮೇಲೆ ಬರುವುದು ಬೇರೆ ವಿಷಯ. ಮಾವ ಸುತ್ತಿದರು. ಕೋಲು ಬಿಲ್ಲಾಯಿತು. ಬಕೆಟ್ಟು ಒಂದಾಳು ಎತ್ತರ ಬಂತು, ನಿಂತಿತು. ಮಾವ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಮತ್ತೆ ಸುತ್ತಲು ನೋಡಿದರು. ಕತ್ತಿನ ನರ ಎದ್ದು ಬಂತು, ರೀಲು ಮಾತ್ರ ಜಗ್ಗಲಿಲ್ಲ. ಬೇಕರಿಯವನು ಬಿಸ್ಕತ್ತು ತಿನ್ನುವುದನ್ನು ನಿಲ್ಲಿಸಿದ. ಆಗ ಮಾವ ಕೋಲನ್ನು ಚಕ್ಕನೆ ಒಂದು ಜಗ್ಗು ಜಗ್ಗಿದರು. ತೆಳು ದಾರ ಪಟ್ಟೆಂದಿತು. ಬಕೆಟ್ಟು ದೊಪ್ಪನೆ ನೀರಿಗೆ ಬಿತ್ತು.

"ನೋಡ್ರಪ್ಪ!" ಎಂದರು ಮಾವ, ಏದುಸಿರು ಬಿಡುತ್ತ. "ಇನ್ನೇನು ಬಂದುಬಿಡ್ತಿತ್ತು. ಅಳಿಯ ಕೈಕೊಟ್ಟ!"

ಬೇಕರಿಯವನು ಎಂದಿನಂತೆ ನಕ್ಕ, ಆದರೆ ಅರ್ಧಕ್ಕೇ ನಿಲ್ಲಿಸಿದ. ಆ ಜಗ್ಗು ಬೇಕೆಂದೇ ಜಗ್ಗಿದ್ದು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಾಗಿತ್ತು. ಬೋಟಿನವನು ಕೊಕ್ಕೆಗೋಲಿನಿಂದ ಬಕೆಟ್ಟನ್ನು ಮೇಲೆತ್ತಿ, ಮಾವನ ಮುಖ ನೋಡದೆ, "ಇನ್ನೊಂದ್ಸಲ ಮೇಷ್ಟ್ರೇ" ಎಂದ. ಅವನ ದನಿಯಲ್ಲಿ ಸೇಡಿರಲಿಲ್ಲ. ಸೇಡಿದ್ದರೆ ಎಷ್ಟೋ ವಾಸಿಯಿತ್ತು, ಮಾವ ಎಗರಾಡಬಹುದಿತ್ತು.

ಮಾವ ಹೊಸ ತುಂಡು ಕಟ್ಟಲು ಹೋದರು. ಎರಡು ಸಲವೂ ಗಂಟು ಜಾರಿತು. ಆಗ ಅವರು ಲಿಫ್ಟಿನವನ ಕಡೆ ಒಂದು ನೋಟ ನೋಡಿದರು. ಒಂಬತ್ತು ವರ್ಷದಲ್ಲಿ ಆ ಕಣ್ಣುಗಳಲ್ಲಿ ಅವನು ತಮಾಷೆ ಕಂಡಿದ್ದ, ಸಿಟ್ಟು ಕಂಡಿದ್ದ, ಅತ್ತೆ ಹೋದಾಗ ನೀರು ಕೂಡ ಕಂಡಿದ್ದ. ಹೆದರಿಕೆ ಕಂಡಿರಲಿಲ್ಲ.

"ಒಂದ್ನಿಮಿಷ" ಎಂದ ಲಿಫ್ಟಿನವನು. "ಮೊದಲು ನನ್ನ ಟೆಸ್ಟ್ ಆಗ್ಲಿ. ನಾನೂ ಬರ್ತೀನಿ."

"ನೀವ್ಯಾಕೆ? ಹೇಳಿದ್ನಲ್ಲ, ದಾರ ಅಂತ" ಎಂದ ಬೋಟಿನವನು.

"ರಜೆ ಹಾಕಾಗಿದೆ. ಬೋಟಲ್ಲಿ ಜಾಗ ಇದೆಯೋ ಇಲ್ವೋ?"

"ಇದೆ."

ಲಿಫ್ಟಿನವನು ಒಳಗೆ ಹೋಗಿ ಕಪಾಟನ್ನು ತೋರಿಸಿದ. ಅಕ್ಕ ಬೆಲೆ ಹೇಳಿದಳು. ಅವನು ಕೇಳಿಸಿಕೊಳ್ಳದವನ ಹಾಗೆ ಕಾರ್ಡು ಕೊಟ್ಟ. ಮನೆಯಲ್ಲಿ ಏನು ಹೇಳುವುದೆಂದು ಆಮೇಲೆ ಯೋಚಿಸಿದರಾಯಿತು. ಕರೆಂಟಿನ ರೀಲನ್ನು ಒಂದು ದಪ್ಪ ಕೋಲಿಗೆ ಕೂರಿಸಿಕೊಂಡು, ಬ್ಯಾಟರಿ ಬಗಲಿಗೆ ತಗುಲಿಸಿಕೊಂಡು ಹೊರಬಂದಾಗ ಬೇಕರಿಯವನಿಗೆ ಕೊನೆಗೂ ಮನಸಾರೆ ನಗಲು ಒಂದು ಕಾರಣ ಸಿಕ್ಕಿತು.

"ಓಹೋ, ಪಂಪ್‌ಸೆಟ್ ಬಂತು! ಯಾವ ಬಾವಿ ಬತ್ತಿಸ್ತೀರಿ ಸ್ವಾಮಿ? ಯಾವ ಮಹಡಿಗೆ ಲಿಫ್ಟು?"

"ನಂಗೆ ಕೈ ಸಾಗಲ್ಲ ಸಾರ್" ಎಂದ ಲಿಫ್ಟಿನವನು ಎಲ್ಲರಿಗೂ ಕೇಳುವ ಹಾಗೆ. "ನಾನು ಇಷ್ಟೇ. ಗುಂಡಿ ಒತ್ತಿ ಬದುಕಿದೋನು." ಬಕೆಟ್ಟು ಇಳಿಸಿದ, ಗುಂಡಿ ಒತ್ತಿದ. ಮೋಟಾರು ಗುಂಯ್ ಎಂದಿತು. ಬಕೆಟ್ಟು ಯಾವ ಗಡಿಬಿಡಿಯೂ ಇಲ್ಲದೆ ಮೇಲೆ ಬಂದು, ಲಿಫ್ಟು ನೆಲಮಹಡಿಯಲ್ಲಿ ನಿಲ್ಲುವ ಹಾಗೆ ಧಕ್ಕೆಯ ಅಂಚಿನಲ್ಲಿ ನಿಂತಿತು. ಬೋಟಿನವನು "ಪಾಸ್" ಎಂದ.

ಲಿಫ್ಟಿನವನು ಕೋಲನ್ನು ಮಾವನ ಮುಂದೆ ಹಿಡಿದ. "ಮಾವ, ಸರಿಯಾಗಿ ಕೂತಿದೆಯಾ ಅಂತ ಒಂದ್ಸಲ ನೀವು ನೋಡಿ ಕೊಡ್ತೀರಾ? ನಂಗೆ ಗೊತ್ತಾಗಲ್ಲ."

ಅವನ ಲೆಕ್ಕಾಚಾರ ಇಷ್ಟೇ. ಮಾವ ಪರೀಕ್ಷೆ ಮಾಡುವ ನೆಪದಲ್ಲಿ ಬಕೆಟ್ಟು ಇಳಿಸುತ್ತಾರೆ, ಎತ್ತುತ್ತಾರೆ. ಬೋಟಿನವನು ಕಣ್ಣು ಮುಚ್ಚಿ ಪಾಸೆನ್ನುತ್ತಾನೆ. ಆಮೇಲೆ ನಾಲ್ಕು ದಿನ ತಾನು ಬೋಟಿನ ಮೂಲೆಯಲ್ಲಿ ವಾಂತಿ ಮಾಡಿಕೊಂಡು ಬಿದ್ದಿರುತ್ತಾನೆ, ರೀಲು ಮಾವನ ಕೈಯಲ್ಲಿರುತ್ತದೆ, ನಗೆಪಾಟಲು ಮಾತ್ರ ತನ್ನ ಹೆಸರಿನಲ್ಲಿರುತ್ತದೆ. ಅಳಿಯ ಇರುವುದೇ ಅದಕ್ಕಲ್ಲವೇ?

ಮಾವ ಕೋಲು ಹಿಡಿದರು. ಬಕೆಟ್ಟು ಇಳಿಯಿತು. ಗುಂಡಿ ಒತ್ತಿದರು, ಬಕೆಟ್ಟು ಬಂತು. ಬೇಕರಿಯವನು ಕೂಡ ಬಾಯಿ ಮುಚ್ಚಿಕೊಂಡಿದ್ದ. ಆದರೆ ಬೋಟಿನವನು ಕಾರಿನ ಪರೀಕ್ಷೆಯಲ್ಲಿ ಮೂರು ಸಲ ನ್ಯಾಯವಾಗಿಯೇ ಫೇಲಾದವನು, ಅವನಿಗೆ ನಿಯಮ ಎಂದರೆ ನಿಯಮ.

"ಅವರವರ ಸಾಮಾನು ಅಂದಿದ್ದೆ" ಎಂದ. "ಈ ರೀಲು ಯಾರದು?"

ಲಿಫ್ಟಿನವನು ಬಾಯಿ ತೆರೆಯುವ ಮೊದಲೇ ಮಾವ ಹೇಳಿದರು. "ನಂದು."

"ಮಾವ..."

"ಸುಮ್ನಿರಿ ಅಳಿಯಂದ್ರೇ. ನಂದೇ. ಇಷ್ಟು ಬುದ್ಧಿ ತಮಗೆ ಎಲ್ಲಿಂದ ಬರ್ಬೇಕು?" ಮಾವ ಬೇಕರಿಯವನ ಕಡೆ ತಿರುಗಿದರು. "ನಗಪ್ಪ. ಯಾಕೆ ನಿಲ್ಸಿದೆ? ಪಂಪ್‌ಸೆಟ್ ನಂದು. ಬಳೇನೂ ನಾನೇ ಹಾಕ್ಕೋತೀನಿ, ಆದ್ರೆ ಎಡಗೈಗೆ ಮಾತ್ರ. ಬಲಗೈ ಎತ್ತೋಕೆ ಆಗಲ್ಲ. ಆಪರೇಷನ್ ಆದ್ಮೇಲೆ ಇಷ್ಟೇ." ಕೈಯೆತ್ತಿ ತೋರಿಸಿದರು. ಅದು ಎದೆಯ ತನಕ ಬಂದು ನಿಂತಿತು. "ಡಾಕ್ಟ್ರು ಇನ್ಮೇಲೆ ಇಷ್ಟೇ ಅಂದ್ರು. ಮಗಳಿಗೆ ಹೇಳಿಲ್ಲ. ಬೋಟಿನವನು ಫೋನ್ ಮಾಡಿದಾಗ ಅಳಿಯ ಅಂದ್ರೆ ದಾರ ಅಂತ ನಂಗೆ ಗೊತ್ತಾಗ್ದೆ ಇರತ್ತಾ? ಹೆಸರಿಟ್ಟೋನೇ ನಾನು. ಅವಳು ತಪ್ಪು ತಿಳ್ಕೊಂಡ್ಲು, ನಾನು ತಿದ್ದಲಿಲ್ಲ. ಜೊತೇಲಿ ಒಬ್ಬ ಇರ್ಲಿ ಅನ್ನಿಸ್ತು. ಕೇಳೋಕೆ ಬಾಯಿ ಬರ್ಲಿಲ್ಲ."

ಇಷ್ಟನ್ನು ಒಂದೇ ಉಸಿರಿಗೆ ಹೇಳಿ ಮಾವ ಮೂಗು ಸೀಟಿಕೊಂಡರು. ಅಕ್ಕ ಬಾಗಿಲಲ್ಲಿ ನಿಂತವಳು ಒಳಗೆ ಹೋಗಿ ಇಲ್ಲದ ಗಿರಾಕಿಯ ಜೊತೆ ಮಾತಾಡತೊಡಗಿದಳು. ಬೋಟಿನವನು ಬಕೆಟ್ಟಿನ ಗಂಟು ಬಿಚ್ಚಿದ. "ಪಾಸ್ ಮೇಷ್ಟ್ರೇ" ಎಂದ. ಆಮೇಲೆ ಅವನ ಕಣ್ಣು ಲಿಫ್ಟಿನವನ ಮೇಲೆ ಬಿತ್ತು. "ಹಾಗಾದ್ರೆ ನಿಮ್ಮ ಸಾಮಾನೆಲ್ಲಿ? ಅವರ ರೀಲಲ್ಲಿ ನೀವು ಪಾಸಾದ ಹಾಗಾಯ್ತು. ಅದು ನಡೆಯಲ್ಲ."

ಲಿಫ್ಟಿನವನಿಗೆ ಎರಡನೆಯ ಸಲ ಬಿಡುಗಡೆಯ ಬಾಗಿಲು ತೆರೆಯಿತು. ಸಾಮಾನಿಲ್ಲ, ಟೆಸ್ಟಿಲ್ಲ, ಹೋಗಬೇಕಾಗಿಲ್ಲ. ಮಾವನಿಗೆ ರೀಲಿದೆ, ಸುತ್ತ ಬೇಕಾದಷ್ಟು ಜನರಿದ್ದಾರೆ. ಇನ್ನು ಅವನ ಮೇಲೆ ಯಾವ ತಪ್ಪೂ ಬರುವಂತಿರಲಿಲ್ಲ. ಅಷ್ಟರಲ್ಲಿ ಮಾವ ತಮ್ಮ ಹಳೇ ಕೈರೀಲು ಕೂರಿಸಿದ್ದ ಕೋಲನ್ನು ತಂದು ಅವನ ಕೈಯಲ್ಲಿಟ್ಟರು. ರೀಲಿನ ಹಿಡಿಕೆಯ ಮರ ಮಾವನ ಹೆಬ್ಬೆರಳು ಉಜ್ಜಿ ಉಜ್ಜಿ ತಗ್ಗು ಬಿದ್ದಿತ್ತು.

"ಇದು ಅವರದು" ಎಂದರು ಮಾವ ಬೋಟಿನವನಿಗೆ. "ಇವತ್ತಿಂದ."

ಲಿಫ್ಟಿನವನು ತೆಳು ದಾರದ ಹೊಸ ತುಂಡು ಕಟ್ಟಿ ಬಕೆಟ್ಟು ಇಳಿಸಿದ. ಸುತ್ತತೊಡಗಿದ. ಕೋಲು ಬಗ್ಗಿತು, ಅಂಗೈ ಉರಿಯಿತು. ಇಡೀ ಭಾರ ಆ ತೆಳು ತುಂಡಿನ ಮೇಲೆ ನಿಂತಿರುವುದು ಅವನ ಬೆರಳುಗಳಿಗೆ ಗೊತ್ತಾಗುತ್ತಿತ್ತು. ಸ್ವಲ್ಪ ಆತುರ ಮಾಡಿದರೆ, ಒಂದೇ ಒಂದು ಜಗ್ಗು ಜಗ್ಗಿದರೆ ಸಾಕು, ಪಟ್ಟೆಂದು ಹರಿಯುತ್ತದೆ, ಸಂಜೆಗೆ ಮನೆ ಸೇರಬಹುದು. ಜಗ್ಗುವುದು ಹೇಗೆಂದು ಈಗಷ್ಟೇ ಕಣ್ಣಾರೆ ನೋಡಿದ್ದ. ಬಕೆಟ್ಟು ಗೋಡೆಗೆ ತಾಗಿ ಓಲಾಡಿತು.

ಮಾವ ಅವನ ಬೆನ್ನ ಹಿಂದೆ ಬಂದು ನಿಂತರು. ಎಡಗೈಯನ್ನು ಅವನ ಭುಜದ ಮೇಲಿಟ್ಟರು.

"ನಿಧಾನ ಕಣೋ" ಎಂದರು. "ಗಾಬರಿ ಬೀಳ್ಬೇಡ. ನೀನು ಎಳಿ, ನಾನಿದ್ದೀನಿ."

ಲಿಫ್ಟಿನವನು ನಿಧಾನವಾಗಿ ಸುತ್ತಿದ. ಬಕೆಟ್ಟು ಮೇಲೆ ಬಂತು.